ಸಾಧನಕೇರಿಯಲ್ಲೊಂದು ಒಂಟಿ ಮೋಡ

ಬಿ.ಕಾಂ. ಮುಗಿಸಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಅದೇನು ತಲೆಗೆ ಹೊಕ್ಕಿತೋ, ಇಂಗ್ಲಿಷ್ ಎಂ.ಎ. ಓದಲು ಧಾರವಾಡಕ್ಕೆ ಬಂದೆ. ಈ ಸಲ ರೊಮ್ಯಾಂಟಿಕ್ ಕಾವ್ಯವಿದೆ ಎಂದು ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗಿ ಯಾವ ಊರಿನವಳು?” ಎಂದರು.

ನನ್ನ ತಿಳಿವಳಿಕೆಯೂ ಅಷ್ಟರದ್ದೇ. ಪ್ರೇಮಪತ್ರಗಳ ಆಸೆಯಿಂದ ಮುಂದಿನ ಬೆಂಚು ಹಿಡಿದವನಿಗೆ ಸಿಕ್ಕಿದ್ದು ಬೆಟ್ಟ, ಸರೋವರ, ಜಿಗಣೆ ಹಿಡಿದು ಬದುಕುವ ಒಬ್ಬ ಮುದುಕ. ಪ್ರಬಲ ಭಾವಗಳು ತಾವಾಗಿಯೇ ಉಕ್ಕಿ ಹರಿಯುವುದೇ ಕಾವ್ಯ ಎಂದು ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ತನ್ನ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ 1800ರ ಮುನ್ನುಡಿಯಲ್ಲಿ ಬರೆದಿದ್ದಾನೆ. ಆಮೇಲೆ ಶಾಂತವಾಗಿ ಕುಳಿತು ಆ ಭಾವವನ್ನು ನೆನೆಯಬೇಕಂತೆ. ನಮ್ಮ ರೂಮಿನಲ್ಲಿ ಹಾಲು ಉಕ್ಕುವುದೂ ಹೀಗೆಯೇ. ನೆನೆಯುವುದು ಒಲೆ ಒರೆಸುವಾಗ.

ಮೋಡದಂತೆ ಒಂಟಿಯಾಗಿ ಅಲೆದೆ ಎನ್ನುವ ಅವನ ಕವಿತೆ ಓದಿದ ಮರುದಿನ ನಸುಕಿನಲ್ಲಿ, ಕೊಡೆಯನ್ನು ಬೇಕೆಂದೇ ಬಿಟ್ಟು, ಸಾಧನಕೇರಿಗೆ ಹೊರಟೆ. ಬೇಂದ್ರೆಯವರು ಬಾಳಿದ ಜಾಗ. ಆ ಕವಿತೆಯಲ್ಲಿ ಬರುವ ಡ್ಯಾಫೊಡಿಲ್ ಹೂಗಳು ಇಲ್ಲದಿದ್ದರೆ ಏನಾಯಿತು, ಕೆರೆಯಂತೂ ಇದೆಯಲ್ಲ? ಆದರೆ ಧಾರವಾಡದಲ್ಲಿ ಬೆಳಿಗ್ಗೆ ಆರಕ್ಕೆ ಒಂಟಿಯಾಗಿರುವುದು ಸುಲಭವಲ್ಲ. ಮಂಗನ ಟೋಪಿ ಹಾಕಿದ ಹಿರಿಯರೊಬ್ಬರು ಜೊತೆಯಾದರು. ಯಾವ ಊರು, ಯಾರ ಪೈಕಿ, ಈ ಓದಿಗೆ ಸಂಬಳ ಎಷ್ಟು ಬರುತ್ತದೆ ಎಂದು ವಿಚಾರಿಸಿದರು. ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿತು. ಹಿರಿಯರ ಅರ್ಧ ಕೊಡೆಯ ಕೆಳಗೆ, ಕೈಯಲ್ಲಿ ಚಪ್ಪಲಿ ಹಿಡಿದು, ಬರಿಗಾಲಲ್ಲಿ ಕುಂಟುತ್ತ ಬಂದೆ. ನೋಟ್‌ಬುಕ್ಕಿನಲ್ಲಿ “ಓ ಕೆರೆಯೇ” ಎಂಬುದೊಂದು ಉಳಿದಿತ್ತು. ಮಿಕ್ಕದ್ದು ನೀಲಿ ಕೆಸರು.

ಮರುದಿನ ನಾನು ಸೀನುತ್ತ ಕುಳಿತಿದ್ದಾಗ ಮೇಷ್ಟರು ಬಾಂಬು ಹಾಕಿದರು. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಕವಿ ಒಂಟಿಯಾಗಿರಲೇ ಇಲ್ಲ. ತಂಗಿ ಡೊರೊಥಿ ಪಕ್ಕದಲ್ಲೇ ಇದ್ದಳು. ಹೂಗಳು ಗಾಳಿಗೆ ತೂಗಿದ್ದು, ಕುಣಿದದ್ದು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟವಳು ಅವಳು. ಅಣ್ಣ ಕವಿತೆ ಬರೆದದ್ದು ಸುಮಾರು ಎರಡು ವರ್ಷ ಬಿಟ್ಟು. ಏಕಾಂತದ ಆನಂದವನ್ನು ಹೇಳುವ ಎರಡು ಸಾಲುಗಳನ್ನಂತೂ ಹೆಂಡತಿ ಮೇರಿ ಒದಗಿಸಿದಳಂತೆ! ಮನೆಮಂದಿಯನ್ನೆಲ್ಲ ದುಡಿಸಿಕೊಂಡು ಒಂಟಿ ಮೋಡವಾದ ಮಹಾನುಭಾವ.

ಸಂಜೆಯೇ ಊರಿಗೆ ಫೋನ್ ಮಾಡಿ, ಶನಿವಾರ ಧಾರವಾಡಕ್ಕೆ ಬಂದು ಕೆರೆಯ ದಂಡೆಯಲ್ಲಿ ಕಂಡದ್ದನ್ನೆಲ್ಲ ಬರೆದುಕೊಡು ಎಂದು ತಂಗಿಗೆ ಹೇಳಿದೆ.

“ಬರುತ್ತೇನೆ, ನನಗೆ ಬಸ್ಸು ಹೇಗೂ ಪುಕ್ಕಟೆ” ಎಂದಳು. “ಆದರೆ ಕೆಳಗೆ ನನ್ನ ಹೆಸರನ್ನೇ ಹಾಕಬೇಕು.”