ಎಪಿಸಿಯಾಟಮಿ ಮಾಡಿದ್ದರೂ ಓ80 ಸರಿಯೇ

ಎಪಿಸಿಯಾಟಮಿ (ಹೆರಿಗೆ ವೇಳೆ ಯೋನಿದ್ವಾರ ಹಿಗ್ಗಿಸಲು ಕೊಡುವ ಕೊಯ್ತ) ಮಾಡಿದ ಹೆರಿಗೆಗೆ ಓ80, ಅಂದರೆ ತೊಡಕಿಲ್ಲದ ಹೆರಿಗೆಯ ಕೋಡ್, ಹಾಕಬಾರದು ಎಂಬ ಮಾತು ಅಮೆರಿಕದ ಆಸ್ಪತ್ರೆ ದಾಖಲೆಗಳಿಗೆ ಕೋಡ್ ಹಾಕುವವರಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಲ್ಲಿನ ರೋಗನಿರ್ಣಯ ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂ ಪ್ರಕಾರ ದಿನ ತುಂಬಿ, ತಲೆ ಮುಂದಾಗಿ, ಫೋರ್ಸೆಪ್ಸ್ (ಮಗುವನ್ನು ಹೊರತೆಗೆಯುವ ಇಕ್ಕಳ) ಇಲ್ಲದೆ, ಸಹಜವಾಗಿ ಒಂದೇ ಮಗು ಜೀವಂತ ಹುಟ್ಟಿದರೆ ಓ80. ವೈದ್ಯರೇ ಕೊಟ್ಟ ಕೊಯ್ತ ಅದಕ್ಕೆ ಅಡ್ಡಿಯಲ್ಲ.

ಆ ಭಾಗ ಹೆರಿಗೆಯಲ್ಲಿ ತಾನಾಗಿ ಸೀಳಿದರೆ ಮಾತ್ರ ಲೆಕ್ಕ ಬೇರೆ. ಮೊದಲ ದರ್ಜೆಯ ಸಣ್ಣ ಸೀಳಿಗೂ ಓ70.0 ಬರುತ್ತದೆ, ಆಗ ಓ80 ಬಿಡಲೇಬೇಕು. ಏಕೆಂದರೆ ಆ ಪಟ್ಟಿಯಲ್ಲಿ ಗರ್ಭ, ಹೆರಿಗೆ, ಬಾಣಂತನಕ್ಕೆ ಮೀಸಲಾದ 15ನೇ ಅಧ್ಯಾಯದ ಬೇರಾವ ಕೋಡಿನ ಜೊತೆಗೂ ಓ80 ನಿಲ್ಲುವುದಿಲ್ಲ. ಗರ್ಭಾವಸ್ಥೆಯಲ್ಲಿ ಬಂದು, ಹೆರಿಗೆಗೆ ದಾಖಲಾಗುವ ಮೊದಲೇ ವಾಸಿಯಾದ ತೊಂದರೆ ಓ80ನ್ನು ತಪ್ಪಿಸದು.

ಓ80 ಜೊತೆಗೆ ಝಡ್37.0 (ಒಂದೇ ಮಗು ಜೀವಂತ ಹುಟ್ಟಿತು ಎಂಬ ಕೋಡ್) ಕಡ್ಡಾಯ. ಮಗು ಎಲ್ಲಿ, ಹೇಗೆ ಹುಟ್ಟಿತೆಂದು ಹೇಳುವ ಝಡ್38 ಮಗುವಿನ ದಾಖಲೆಗೆ, ತಾಯಿಯದಕ್ಕಲ್ಲ. ಇಲ್ಲಿ ದಯವಿಟ್ಟು ಎಚ್ಚರ.