ಡಿ ಡ್ರೈವಿಂದ ಕಿತ್ತು ಸಿ-ಗೆ ಹಾಕೋದು ಹೇಗೆ?

"ಸಿ ಡ್ರೈವ್ ತುಂಬಿ ಕೆಂಪಾಗಿದೆ, ಡಿ ಖಾಲಿ ಬಿದ್ದಿದೆ. ಅಲ್ಲಿಂದ ಒಂದಷ್ಟು ಕಿತ್ತು ಇಲ್ಲಿಗೆ ಹಾಕಿಕೊಡು. ಡೇಟಾ ಮಾತ್ರ ಹೋಗಬಾರದು ನೋಡು!" ನೆಂಟರಿಷ್ಟರಿಂದ ನನಗೆ ಜಾಸ್ತಿ ಬರುವ ಕಂಪ್ಯೂಟರ್ ಪ್ರಶ್ನೆ ಇದೇ.

ಆ ಕೊನೆಯ ಮಾತಿಗೆ ಗ್ಯಾರಂಟಿ ಕೊಡುವ ಸಾಫ್ಟ್‌ವೇರ್ ಇಲ್ಲ. ನೂರಕ್ಕೆ ನೂರು ಸೇಫ್ ಅಂತ ಬರೆದುಕೊಂಡಿರುವುದೆಲ್ಲ ಬರೀ ಜಾಹೀರಾತು. ಡೇಟಾ ಉಳಿಯುವುದು ಬೇರೆ ಡಿಸ್ಕಿನಲ್ಲಿ ಇನ್ನೊಂದು ಕಾಪಿ ಇದ್ದರೆ ಮಾತ್ರ.

ಅಸಲಿಗೆ ಈ ತಾಪತ್ರಯ ಶುರುವಾಗಿದ್ದೇ ಅಸೆಂಬಲ್ ಮಾಡಿಸುವ ಕಾಲದ ರೂಢಿಯಿಂದ. ಇರುವ ಒಂದು ಡಿಸ್ಕನ್ನು ಸಿ, ಡಿ, ಇ, ಎಫ್ ಅಂತ ತುಂಡು (ಪಾರ್ಟಿಷನ್) ಮಾಡಿ ಕೊಡುತ್ತಿದ್ದರು. ವಿಂಡೋಸ್ ಕೆಟ್ಟರೆ ಸಿ ಫಾರ್ಮ್ಯಾಟ್ ಮಾಡಿ, ಫೋಟೋ ಎಲ್ಲ ಡಿ-ಯಲ್ಲಿ ಭದ್ರ ಅನ್ನುವ ಲೆಕ್ಕ. ಎಕ್ಸ್‌ಪಿ ಕಾಲಕ್ಕೆ ಸಿ-ಗೆ 20 ಜಿಬಿ ಧಾರಾಳವಾಗಿತ್ತು. ಈಗ ವಿಂಡೋಸ್ 11 ಕೂರಬೇಕಾದರೆ ಕನಿಷ್ಠ 64 ಜಿಬಿ ಬೇಕು. ಇನ್ನು ಡಿ-ಯಲ್ಲಿಟ್ಟಿದ್ದು ಭದ್ರ ಅನ್ನುವುದೂ ಅರ್ಧ ಸತ್ಯ. ಡಿಸ್ಕೇ ಕೈಕೊಟ್ಟರೆ ಸಿ ಜೊತೆ ಡಿ-ಯೂ ಹೋಗುತ್ತದೆ, ಅಲ್ವಾ?

ದುಡ್ಡು ಕೊಟ್ಟು ಯಾವುದೋ ಟೂಲ್ ತರುವ ಮೊದಲು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಡಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್, 100 ಜಿಬಿ ಅಂತ ಕೊಡುತ್ತೀರಿ. ಡಿ-ಯ ಬಲಗಡೆ ಕಪ್ಪು ಪಟ್ಟಿಯ ಖಾಲಿ ಜಾಗ ಬರುತ್ತದೆ. ಖುಷಿಯಿಂದ ಸಿ ಮೇಲೆ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿ ಕೂತಿರುತ್ತದೆ, ಒತ್ತಲು ಬರುವುದಿಲ್ಲ. ಮುಕ್ಕಾಲು ಮಂದಿ ಎಡವುವುದು ಇಲ್ಲೇ. ಖಾಲಿ ಜಾಗ ಸಿ-ಗೆ ತಾಗಿ, ಅದರ ಬಲಕ್ಕೇ ಇರಬೇಕು. ತಮ್ಮನ ಹಿಸ್ಸೆಯ ಆಚೆ ಬದಿಯಲ್ಲಿ ಜಾಗ ಬಿಟ್ಟುಕೊಟ್ಟರೆ ಅಣ್ಣ ಬದು ಸರಿಸುವುದು ಹೇಗೆ? ಎಷ್ಟೋ ಕಂಪ್ಯೂಟರುಗಳಲ್ಲಿ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವ ತುಂಡು) ಬೇರೆ ಇರುತ್ತದೆ. (ಇದು ಮೈಕ್ರೋಸಾಫ್ಟ್‌ಗೂ ತಲೆನೋವು ತಂದಿದೆ. 2024ರ ಜನವರಿಯಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್, ರಿಕವರಿ ಪಾರ್ಟಿಷನ್ ಚಿಕ್ಕದಿದ್ದವರಿಗೆ ಫೇಲಾಗುತ್ತಿತ್ತು. ಅದನ್ನು 250 ಎಂಬಿ ದೊಡ್ಡದು ಮಾಡಿಕೊಳ್ಳಿ ಅಂತ ಕಮಾಂಡುಗಳ ಪಟ್ಟಿಯನ್ನೇ ಜನರ ಕೈಗಿಟ್ಟರು!)

ನನಗೆ ಇಷ್ಟವಾದ ದಾರಿ ಸ್ವಲ್ಪ ಒರಟು. ಡಿ-ಯಲ್ಲಿರುವುದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ನಾಲ್ಕಾರು ಫೈಲ್ ಅಲ್ಲಿಂದಲೇ ತೆರೆದು ನೋಡಿ. ಆಮೇಲೆ ಡಿ-ಯನ್ನು ಡಿಲೀಟ್ ಮಾಡಿ, ಸಿ ಹಿಗ್ಗಿಸಿ, ಉಳಿದದ್ದರಲ್ಲಿ ಹೊಸ ಡಿ ಮಾಡಿಕೊಳ್ಳಿ. ಈ ನೆಪದಲ್ಲಾದರೂ ಒಂದು ಬ್ಯಾಕಪ್ ಆಗುತ್ತದೆ.

ನಡುವೆ ರಿಕವರಿ ಇದ್ದರೆ ಇದು ನಡೆಯುವುದಿಲ್ಲ. ಆಗ ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ಅನ್ನುವ ಟೂಲ್ ಬೇಕು. ಪುಕ್ಕಟೆ ಸಿಗುತ್ತದೆ, ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ಆದರೆ ಪಾರ್ಟಿಷನ್‌ನ ಶುರುವಿನ ಜಾಗ ಸರಿಸುವುದೆಂದರೆ ಒಳಗಿನ ಡೇಟಾವನ್ನೆಲ್ಲ ಎತ್ತಿ ಪಕ್ಕಕ್ಕೆ ಬರೆಯಬೇಕು. ಹಳೇ ಹಾರ್ಡ್ ಡಿಸ್ಕಾದರೆ ಗಂಟೆಗಟ್ಟಲೆ ಓಡುತ್ತದೆ. ನಡುವೆ ಕರೆಂಟು ಹೋಯಿತೋ, ಡಿ-ಯ ಕತೆ ಮುಗಿಯಿತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ, ಅದೂ ಮಳೆಗಾಲದಲ್ಲಿ, ಇದಕ್ಕೆ ಕೈ ಹಾಕಲೇಬೇಡಿ. ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಜಿಪಾರ್ಟೆಡ್‌ಗೆ ಹೋಗುವ ಮುಂಚೆ ಪೂರ್ತಿ ಡಿಕ್ರಿಪ್ಟ್ ಮಾಡಿಸಿ, ಅಂದರೆ ಆ ಬೀಗ ತೆಗೆಸಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ.

ಇಷ್ಟೆಲ್ಲ ಬರೆದೆ, ಆದರೆ ಹೆಚ್ಚಿನವರಿಗೆ ಇದರ ಅಗತ್ಯವೇ ಇಲ್ಲ ಅಂತ ನನ್ನ ವಾದ. ಸಿ ತುಂಬಿರುವುದು ಡೌನ್‌ಲೋಡ್ಸ್ ಮತ್ತು ವಿಡಿಯೋಗಳಿಂದ. ಡೌನ್‌ಲೋಡ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡಿ-ಯಲ್ಲಿ ಒಂದು ಫೋಲ್ಡರ್ ತೋರಿಸಿ, ಇರುವುದೆಲ್ಲ ಅಲ್ಲಿಗೆ ಹೋಗುತ್ತದೆ, ಮುಂದೆ ಬರುವುದೂ ಅಲ್ಲೇ ಕೂರುತ್ತದೆ. ಪಿಕ್ಚರ್ಸ್, ವಿಡಿಯೋಸ್‌ಗೂ ಹೀಗೇ. ಪಾರ್ಟಿಷನ್ ಮುಟ್ಟದೆ ಕೆಲಸ ಆಯಿತಲ್ಲ?

ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಲು ಸಿ ಕುಗ್ಗಿಸುವವರ ಗೋಳು ಬೇರೆ. 200 ಜಿಬಿ ಖಾಲಿ ಇದ್ದರೂ ವಿಂಡೋಸ್ ಪಿಸಿನಾರಿಯ ಹಾಗೆ ಸ್ವಲ್ಪವೇ ಬಿಟ್ಟುಕೊಡುತ್ತದೆ. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್), ಹೈಬರ್ನೇಷನ್ ಫೈಲ್‌ (ಕಂಪ್ಯೂಟರ್ ನಿದ್ದೆಗೆ ಹೋಗುವಾಗ ಮೆಮೊರಿಯನ್ನು ಬರೆದಿಡುವ ಫೈಲ್) ನಂಥವು ನಡುವೆ ಎಲ್ಲೋ ಕೂತಿರುತ್ತವೆ, ಅವನ್ನು ಅದು ಸರಿಸುವುದಿಲ್ಲ. ಎರಡನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಕೊಟ್ಟು ನೋಡಿ. ಕೆಲಸ ಆದಮೇಲೆ ಪೇಜ್‌ಫೈಲ್ ವಾಪಸ್ ಆನ್ ಮಾಡುವುದು ಮರೆಯಬೇಡಿ.