ವೈಪರ್ ಮೋಟಾರ್ ಹೋಗಿರಲಿಲ್ಲ

ಅರ್ಧ ಗಂಟೆ ಹಿಂದೆ ನಮ್ಮ ಹಳೇ ಮಾರುತಿ 800 ಕಾರಿನ ವೈಪರ್ ಮತ್ತೆ ಆಡಿತು. ಕೈಯಲ್ಲಿ ಇನ್ನೂ ಗ್ರೀಸ್ ಇದೆ, ಹಾಗೇ ಕೂತು ಬರೆಯುತ್ತಿದ್ದೇನೆ. ಖುಷಿಯೂ ಇದೆ, ಸಿಟ್ಟೂ ಇದೆ.

ಹೋದ ವಾರ ಶಿರಸಿಯಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಮಳೆ ಹಿಡಿಯಿತು. ವೈಪರ್ ಅರ್ಧ ಗಾಜಿಗೆ ಬಂದು ನಿಂತುಬಿಟ್ಟಿತು. ಗಾಡಿ ಬದಿಗೆ ಹಾಕಿ, ಮಳೆ ಬಿಟ್ಟ ಮೇಲೆ ಕುಮಟಾಕ್ಕೆ ಇಳಿದೆವು. ಪಕ್ಕದಲ್ಲಿದ್ದ ಆಯಿ ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ.

ಮರುದಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಸ್ವಿಚ್ ಒತ್ತಿದರು, ಫ್ಯೂಸ್ ನೋಡಿದರು. "ಮೋಟಾರ್ ಹೋಗಿದೆ ಸರ್, ಹೊಸದು ಹಾಕ್ಬೇಕು. ಇಷ್ಟು ಹಳೇ ಗಾಡಿ ಯಾಕೆ ಇಟ್ಕೊಂಡಿದ್ದೀರಿ? ಕೊಟ್ಬಿಡಿ" ಅಂದರು. ಒಂದು ಬೋಲ್ಟೂ ಬಿಚ್ಚಿರಲಿಲ್ಲ! ಬಿಚ್ಚದೇ ಹೇಗೆ ಗೊತ್ತಾಯಿತು? ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇವತ್ತು ಬೆಳಿಗ್ಗೆ ನಾನೇ ಕೂತೆ. ಟೆಸ್ಟ್ ಬಲ್ಬ್ ಹಿಡಿದು ನೋಡಿದರೆ ಮೋಟಾರಿನ ತನಕ ಕರೆಂಟ್ ಬರುತ್ತಿತ್ತು. ಮೋಟಾರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಬೇರೆ ಒಂದು ವೈರ್ ಮುಟ್ಟಿಸಿದೆ. ಗರ್ರ್ ಎಂದು ತಿರುಗಿತು. ಮೋಟಾರಿಗೆ ಏನೂ ಆಗಿರಲಿಲ್ಲ, ಅರ್ತಿಂಗ್ ಹೋಗಿತ್ತು ಅಷ್ಟೆ. ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಕಲ್ವಾ? ಗಾಡಿಯ ತಗಡೇ ಆ ದಾರಿ. ನಮ್ಮ ಮನೆಯಿಂದ ಸಮುದ್ರ ಒಂದು ಕಿಲೋಮೀಟರೂ ಇಲ್ಲ. ಉಪ್ಪು ಗಾಳಿಗೆ, ಮೋಟಾರನ್ನು ಆ ತಗಡಿಗೆ ಹಿಡಿದಿಟ್ಟ ಬೋಲ್ಟಿನ ಸುತ್ತ ತುಕ್ಕು ದಪ್ಪಗೆ ಕೂತಿತ್ತು. ಹತ್ತರ ಸ್ಪ್ಯಾನರ್ ಹಾಕಿ ಬ್ಯಾಟರಿ ನೆಗೆಟಿವ್ ತೆಗೆದಿಟ್ಟೆ. ತುಕ್ಕು ಹೋಗಿ ತಗಡು ಹೊಳೆಯುವ ತನಕ ಉಪ್ಪುಕಾಗದದಲ್ಲಿ ಉಜ್ಜಿದೆ. ಬೋಲ್ಟ್ ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದೆ. ಒಂದು ಹಾಳೆ ಉಪ್ಪುಕಾಗದದಲ್ಲಿ ಕೆಲಸ ಮುಗಿಯಿತು. ಸ್ವಿಚ್ ಒತ್ತಿದಾಗ ವೈಪರ್ ಗಾಜಿನ ಈ ತುದಿಯಿಂದ ಆ ತುದಿಗೆ ಹೋಯಿತಲ್ಲ, ಆಗ ಆದ ಸಂತೋಷ ಸಂಬಳ ಬಂದ ದಿನವೂ ಆಗುವುದಿಲ್ಲ.

"ಒಂದು ಭಾನುವಾರ ಹಾಳು ಮಾಡಿಕೊಂಡೆಯಲ್ಲ, ನಿನ್ನ ಸಮಯಕ್ಕೆ ಬೆಲೆ ಇಲ್ವಾ ಮಾರಾಯಾ?" ಎಂದು ಗೆಳೆಯರು ಕೇಳುತ್ತಾರೆ. ಹಾಳು ಎಲ್ಲಿ ಆಯಿತು? ಆ ಭಾನುವಾರ ನನ್ನದೇ ಆಗಿತ್ತು. ಹೊಸ ಗಾಡಿಯಲ್ಲಿ ಏರ್‌ಬ್ಯಾಗ್ ಇರುತ್ತದೆ, ಒಪ್ಪುತ್ತೇನೆ. ಬ್ರೇಕಿನ ಕೆಲಸಕ್ಕೆ ನಾನೂ ಕೈ ಹಾಕುವುದಿಲ್ಲ, ತಿಳಿದವರ ಹತ್ತಿರವೇ ಒಯ್ಯುತ್ತೇನೆ. ಆದರೆ ನಮ್ಮ 1997ರ 800ಕ್ಕೆ ಇರುವುದೇ ಮೂರು ಸಿಲಿಂಡರ್, ಮೂರು ಪ್ಲಗ್. ಬಾನೆಟ್ ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 1983ರಿಂದ 2014ರ ತನಕ ತಯಾರಾದ ಗಾಡಿ ಇದು, ಸಾಮಾನು ಇವತ್ತಿಗೂ ಸಿಗುತ್ತದೆ. ಪ್ಲಗ್ ಒರೆಸುವುದಕ್ಕೂ, ಬ್ಯಾಟರಿ ತುದಿಯ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆಯುವುದಕ್ಕೂ ಬೇರೆಯವರೇ ಬೇಕಾ?

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಅಪ್ಪಯ್ಯ ತೀರಿಕೊಂಡ ವರ್ಷ ಈ ಗಾಡಿ ಮಾರಲು ಮುಂಗಡವನ್ನೂ ತೆಗೆದುಕೊಂಡಿದ್ದೆ. ಬಾಗಿಲು ಮುಚ್ಚಿದರೆ ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಆಗಲೂ ಗ್ಯಾರೇಜಿನವರು ಹೀಗೇ, ಬಿಚ್ಚದೇ, ಬಾಗಿಲನ್ನೇ ಬದಲಾಯಿಸಿ ಎಂದಿದ್ದರು. ಕೊಡುವ ಮುಂಚೆ ತೊಳೆಯೋಣ ಎಂದು ಬಗ್ಗಿದಾಗ ಬಾಗಿಲಿನ ಕೆಳಗೆ ಸಣ್ಣ ತೂತುಗಳು ಕಂಡವು. ಒಳಗೆ ಇಳಿದ ಮಳೆನೀರು ಹೊರಗೆ ಹೋಗಲೆಂದೇ ಅವು ಇರುವುದು. ತಂತಿ ತುಂಡು ಹಾಕಿ ಕೆದಕಿದೆ. ಕೆಸರು, ಕೊಳೆತ ಎಲೆ, ಹಿಂದೆಯೇ ನೀರು ಸುರಿಯಿತು. ಬಾಗಿಲು ಗಟ್ಟಿಯಾಗಿಯೇ ಇತ್ತು. ಅಂಗಳದಲ್ಲೇ ಕೂತು ಅತ್ತೆ. ಮರುದಿನ ಹೋಗಿ ಮುಂಗಡ ವಾಪಸ್ ಕೊಟ್ಟು ಬಂದೆ.

ಮಳೆಗಾಲ ಜೋರಾಗುವ ಮುಂಚೆ ಇನ್ನೊಂದು ಕೆಲಸ ಉಳಿದಿದೆ. ಎಡಬದಿಯ ಗಾಜು ಇಳಿಸುವ ಹಿಡಿಕೆ ಸಡಿಲವಾಗಿದೆ. ಅದರ ಹಿಂದಿನ ಸಣ್ಣ ಸ್ಪ್ರಿಂಗ್ ಕ್ಲಿಪ್ ಎಲ್ಲೋ ಹಾರಿಹೋಗಿದೆ. ಹಿಡಿಕೆ ಸಮೇತ ಪೂರ್ತಿ ಸೆಟ್ಟೇ ತಗೊಳ್ಳಿ ಎನ್ನುತ್ತಾರೆ ಅಂಗಡಿಯವರು. ನನಗೆ ಬೇಕಾದದ್ದು ಆ ಕ್ಲಿಪ್ ಒಂದೇ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯವರು ಯಾರಾದರೂ ಹಳೇ 800ರ ಬಾಗಿಲು ಬಿಚ್ಚಿಟ್ಟಿದ್ದರೆ ಹೇಳಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.